ಹಳೆ ಪೇಟಿ ಕೊಳ್ಳುವವರು ಮೊದಲು ರೀಡು ನೋಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈಚೆಗೆ ಹಳೆ ಹಾರ್ಮೋನಿಯಂ, ನಮ್ಮ ಮಾತಿನಲ್ಲಿ ಪೇಟಿ, ಹುಡುಕುವವರು ಜಾಸ್ತಿಯಾಗಿದ್ದಾರೆ. ಕೆಲವರಿಗೆ ಬಾರಿಸಲು ಬೇಕು. ಕೆಲವರಿಗೆ ಪಡಸಾಲೆಯಲ್ಲಿ ಇಟ್ಟು ಬಂದವರಿಗೆ ತೋರಿಸಲು ಬೇಕು. ಇಬ್ಬರೂ ಅಂಗಡಿಗೋ ಯಾರದೋ ಮನೆಗೋ ಹೋದ ತಕ್ಷಣ ಮಾಡುವ ಕೆಲಸ ಒಂದೇ: ಮೇಲಿನ ಧೂಳು ಒರೆಸಿ, ಕಟ್ಟಿಗೆಯ ಹೊಳಪು ನೋಡಿ, "ಆಹಾ, ಸಾಗವಾನಿ" ಅಂತ ಹೇಳಿ ದುಡ್ಡು ಎಣಿಸುವುದು.

ಹಾಗೆ ಮಾಡಬೇಡಿ. ಪೇಟಿ ಅಂದರೆ ರೀಡು, ಗಾಳಿಗೆ ನಡುಗಿ ದನಿ ಹುಟ್ಟಿಸುವ ಹಿತ್ತಾಳೆ ನಾಲಿಗೆ. ಉಳಿದದ್ದೆಲ್ಲ ಬಡಿಗತನ. ಗಾಳಿ ಹಾಕುವ ತಿದಿ ಹರಿದರೆ ಹೊಸದು ಕಟ್ಟಬಹುದು, ಹಲಗೆ ಸೀಳಿದರೆ ಬೆಸೆಯಬಹುದು, ಮನೆ (ಬೆರಳಿನಿಂದ ಒತ್ತುವ ಬಿಳಿ-ಕರಿ ಕೀ) ಮುರಿದರೆ ಕೆತ್ತಿ ಕೂರಿಸಬಹುದು. ಇದಕ್ಕೆಲ್ಲ ನಮ್ಮ ಕಡೆ ಇನ್ನೂ ಕೈ ಇದ್ದವರಿದ್ದಾರೆ. ನೂರು ವರ್ಷದ ಹಿಂದಿನ ಹಿತ್ತಾಳೆ ರೀಡನ್ನು ಮಾತ್ರ ಯಾರೂ ಮತ್ತೆ ಹುಟ್ಟಿಸಿ ಕೊಡುವುದಿಲ್ಲ. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಬಹಳಷ್ಟು ರೀಡಿನ ಮಾತೇ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಸ್ವಲ್ಪ ಹಿನ್ನೆಲೆ, ಬೆಲೆ ಮಾತಾಡುವಾಗ ಬೇಕಾಗುತ್ತದೆ

ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತೆಗೆದುಕೊಂಡವನು ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾಂ, 1842ರಲ್ಲಿ. ಅದು ಕಾಲಿನಿಂದ ಗಾಳಿ ತುಂಬುವ ವಾದ್ಯ. ಪಾದ್ರಿಗಳ ಜೊತೆ, ಇಂಗ್ಲಿಷ್ ಅಧಿಕಾರಿಗಳ ಜೊತೆ ಹಡಗಿನಲ್ಲಿ ಇಲ್ಲಿಗೆ ಬಂತು. ನಾವು ಚಾಪೆ ಮೇಲೆ ಕೂತು ಹಾಡುವ ಜನ, ನಮಗೆ ಕುರ್ಚಿ ಹಾಕಿ ಬಾರಿಸುವ ವಾದ್ಯ ಒಗ್ಗಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಹಿಂದಕ್ಕೆ ತಂದು, ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ಬಾರಿಸುವ ಪೆಟ್ಟಿಗೆ ಮಾಡಿದರು. ಅವರ ಡ್ವಾರ್ಕಿನ್ ಕಂಪನಿಯ ಹೆಸರು ಇಂದಿಗೂ ಹಳೆ ಪೇಟಿಗಳ ಮೇಲೆ ಕಾಣುತ್ತದೆ.

ಪೆಟ್ಟಿಗೆ ಇಲ್ಲಿಯದಾದರೂ ರೀಡು ಬಹಳ ಕಾಲ ಹೊರಗಿನಿಂದಲೇ ಬರುತ್ತಿತ್ತು. ಪ್ಯಾರಿಸ್ಸಿನಿಂದ ಕಾಸ್ರಿಯೆಲ್, ಎಸ್ತೆವ್ ಎಂಬ ಹೆಸರಿನವು. ಜರ್ಮನಿಯಿಂದ ಜುಬಿಲೇಟ್. ಆಮೇಲೆ ಗುಜರಾತಿನ ಪಾಲಿತಾಣಾದಲ್ಲಿ ರೀಡು ಮಾಡುವ ಕಸುಬು ಬೆಳೆಯಿತು, ಈಗಿನ ಪೇಟಿಗಳಲ್ಲಿ ಹೆಚ್ಚಾಗಿ ಇರುವುದು ಅಲ್ಲಿಯದೇ. ಪಾಲಿತಾಣಾ ರೀಡು ಕೀಳು ಅಂತ ಮೂಗು ಮುರಿಯುವವರ ಮಾತು ಪೂರ್ತಿ ನಂಬಬೇಡಿ. ಚೆನ್ನಾಗಿ ಕೂರಿಸಿ ಚೆನ್ನಾಗಿ ಶ್ರುತಿ ಮಾಡಿದ ಪಾಲಿತಾಣಾ ಸೆಟ್ಟು (ಒಂದು ಪೇಟಿಯ ಪೂರ್ತಿ ರೀಡು), ಎಲ್ಲಾ ಕಡೆ ಕೆರೆದು ಹಾಳು ಮಾಡಿದ ಪ್ಯಾರಿಸ್ ಸೆಟ್ಟಿಗಿಂತ ನೂರು ಪಾಲು ಮೇಲು.

ಎಲ್ಲಿ ಹುಡುಕಬೇಕು

ಪೇಟಿ ಇಲ್ಲದ ಊರು ನಮ್ಮ ಕಡೆ ಯಾವುದಿದೆ ಹೇಳಿ? ಭಜನಾ ಮಂಡಳಿಯಲ್ಲಿ ಇದೆ, ಮಠದಲ್ಲಿ ಇದೆ, ಸಣ್ಣಾಟದ ಮೇಳದಲ್ಲಿ ಇದೆ. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು, ಶಿರಹಟ್ಟಿಯಲ್ಲಿ ವೆಂಕೋಬರಾಯರ ನಾಟಕ ಕಂಪನಿ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳ ಕೈಗೆ ವಾದ್ಯ ಕೊಟ್ಟು ಹೊಟ್ಟೆಗೆ ದಾರಿ ಮಾಡಿದರು. ಇಬ್ಬರೂ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ ಹುಟ್ಟಿದವರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಸಂಗೀತ ಮಾಸ್ತರರಾದರು, ಅವರ ಜೊತೆ ಪೇಟಿಗಳೂ ಹೋದವು. ಹಾಗಾಗಿ ಒಳ್ಳೆಯ ಪೇಟಿ ಹುಬ್ಬಳ್ಳಿಯ ಅಂಗಡಿಯಲ್ಲೇ ಸಿಗಬೇಕೆಂದಿಲ್ಲ. ರೋಣದ ಹತ್ತಿರದ ಹಳ್ಳಿಯ ಅಟ್ಟದ ಮೇಲೂ ಇರಬಹುದು.

ನಿಜ ಹೇಳಬೇಕೆಂದರೆ ಅತಿ ಒಳ್ಳೆಯ ದಾರಿ ಅಂದರೆ ಪೇಟಿ ರಿಪೇರಿ ಮಾಡುವವರ ಪರಿಚಯ. ಯಾವ ಊರಲ್ಲಿ ಯಾರ ಮನೆಯಲ್ಲಿ ಯಾವ ಸೆಟ್ಟು ಇದೆ ಎಂಬುದು ಅವರ ತಲೆಯಲ್ಲೇ ಇರುತ್ತದೆ. ನಿಮ್ಮದೊಂದು ಸಾಮಾನ್ಯ ಪೇಟಿ ಶ್ರುತಿಗೆ ಕೊಡಿ, ಪಕ್ಕದಲ್ಲಿ ಕೂತು ಕೆಲಸ ನೋಡಿ, ಚಹಾ ಕುಡಿಯಿರಿ. ಮಾತು ತಾನಾಗಿ ಬರುತ್ತದೆ. ಎರಡನೆಯ ದಾರಿ ತೀರಿಕೊಂಡ ಸಂಗೀತ ಮಾಸ್ತರರ ಮನೆಗಳು. ಇಲ್ಲಿ ನಾಜೂಕು ಬೇಕು. ದಿನಕರ್ಮ ಮುಗಿಯುವ ಮೊದಲೇ ಬಾಗಿಲು ಬಡಿಯುವ ದಲ್ಲಾಳಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ವಲ್ಪ ಕಾಲ ಹೋಗಲಿ. ಹೋದಾಗ "ಅವ್ವಾರ, ಪೇಟಿ ಮಾರಾಕ ಇಟ್ಟೀರೇನ್ರಿ?" ಅಂತ ಶುರು ಮಾಡಬೇಡಿ. "ಮಾಸ್ತರ್‍ರ ಪೇಟಿ ಒಂದ್ಸಲ ನೋಡಬಹುದೇನ್ರಿ?" ಅಂದರೆ ಸಾಕು. ಕೊಡುವ ಮನಸ್ಸಿದ್ದರೆ ಅವರೇ ಹೇಳುತ್ತಾರೆ. ಇಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಗುಡಿಯದೋ ಭಜನಾ ಮಂಡಳಿಯದೋ ಪೇಟಿ ಆಗಿದ್ದರೆ ಬಾರಿಸುವವನ ಜೊತೆ ವ್ಯವಹಾರ ಮುಗಿಸಬೇಡಿ. ಅದು ಊರಿನ ಸ್ವತ್ತು. ಹಿರಿಯರನ್ನು ಕೂರಿಸಿ ಮಾತಾಡಿ, ರಸೀದಿ ಬರೆಸಿಕೊಳ್ಳಿ. ಬದಲಿಗೆ ಒಂದು ಹೊಸ ಪೇಟಿ ಕೊಡಿಸುತ್ತೇನೆ ಅಂದರೆ ಮಂಡಳಿಯವರು ಖುಷಿಯಿಂದ ಒಪ್ಪುವುದೂ ಉಂಟು, ಅವರಿಗೆ ಬೇಕಾದದ್ದು ಶನಿವಾರದ ಭಜನೆಗೆ ದನಿ.

ಇಗರ್ಜಿಗಳ ಬಗ್ಗೆಯೂ ಒಂದು ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಅಂದರೆ ಹಾರ್ಮೋನಿಯಂ ಹುಟ್ಟುವ ಮೊದಲೇ ಮಿಷನ್ ಇಲ್ಲಿತ್ತು! ಹಳೆ ಇಗರ್ಜಿಗಳಲ್ಲಿ ಕಾಲಿನಿಂದ ತುಳಿಯುವ ವಾದ್ಯ ಕಂಡರೆ ನೋಡಿ ಕಲಿಯಿರಿ, ಒಳಗಿನ ರಚನೆ ಅರ್ಥ ಮಾಡಿಕೊಳ್ಳಿ. ಕೊಳ್ಳಲು ಹೋಗಬೇಡಿ, ಅದು ಅಲ್ಲಿಯೇ ಇರಬೇಕಾದದ್ದು.

ಜೇಬಿನಲ್ಲಿ ಏನಿರಬೇಕು

ಸಣ್ಣ ಟಾರ್ಚು. ಚಪ್ಪಟೆ ಬಾಯಿಯ ಸ್ಕ್ರೂಡ್ರೈವರ್. ಮೃದು ಬ್ರಶ್ಶು. ಮೊಬೈಲಿನಲ್ಲಿ ಒಂದು ಟ್ಯೂನರ್ ಆ್ಯಪ್. ತೆಳ್ಳಗಿನ ಕಾಗದದ ಒಂದೆರಡು ಪಟ್ಟಿ. ಮುಖ್ಯವಾಗಿ, ಬಾರಿಸಲು ಬರುವ ಒಬ್ಬ ಗೆಳೆಯ, ನಿಮಗೇ ಬಂದರೆ ಮತ್ತೂ ಒಳ್ಳೆಯದು. ದುಡ್ಡು ಮೊದಲ ಭೇಟಿಗೇ ಒಯ್ಯಬೇಡಿ. ಕೈಯಲ್ಲಿ ನೋಟಿದ್ದರೆ ಕಣ್ಣು ಸರಿಯಾಗಿ ಕೆಲಸ ಮಾಡುವುದಿಲ್ಲ.

ಬಿಚ್ಚುವ ಮೊದಲು

ಪೇಟಿಯನ್ನು ಎತ್ತಿ ನೋಡಿ. ತಿದಿ ಹಿಡಿದು ಎತ್ತಬೇಡಿ, ಎರಡು ಬದಿಯ ಹಿಡಿಕೆ ಹಿಡಿಯಿರಿ. ಅಡಿಗೆ ಟಾರ್ಚು ಬಿಡಿ. ಸೂಜಿಮೊನೆಯಂಥ ತೂತು ಕಂಡರೆ ಅದು ಹುಳದ್ದು. ತೂತು ಹಳೆಯದಾದರೆ ಒಳಗೆ ಕಪ್ಪಗಿರುತ್ತದೆ, ಚಿಂತೆ ಇಲ್ಲ. ಬೆರಳಿನಿಂದ ತಟ್ಟಿದಾಗ ಬಿಳಿ ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ. ಅಂಥ ಪೇಟಿಯನ್ನು ಉಪಚಾರ ಮಾಡದೆ ಮನೆಯೊಳಗೆ ತಂದರೆ ನಿಮ್ಮ ಬಾಗಿಲ ಚೌಕಟ್ಟಿಗೂ ಹಬ್ಬುತ್ತದೆ.

ಈಗ ಗಾಳಿ ಪರೀಕ್ಷೆ. ಮುಂದಿನ ಗುಬ್ಬಿಗಳನ್ನೆಲ್ಲ (ಎಳೆಯುವ ಗುಂಡಿಗಳು) ಒಳಗೆ ತಳ್ಳಿ, ಅಂದರೆ ರೀಡಿಗೆ ಗಾಳಿ ಬಿಡುವ ಸ್ಟಾಪು ಮುಚ್ಚಿ, ತಿದಿ ಒತ್ತಿ. ಗಟ್ಟಿಯಾಗಿ ತಡೆಯಬೇಕು. ಬುಸ್ ಅಂತ ಒಳಕ್ಕೆ ಹೋದರೆ ಎಲ್ಲೋ ಸೋರುತ್ತಿದೆ. ಆಮೇಲೆ ಸ್ಟಾಪು ತೆಗೆದು ಗಾಳಿ ತುಂಬಿ, ಒಂದೇ ಮನೆ ಒತ್ತಿ ಹಿಡಿದು, ದನಿ ಎಷ್ಟು ಹೊತ್ತು ನಿಲ್ಲುತ್ತದೆ ಕೇಳಿ. ಒಳಗೆ ಸ್ಪ್ರಿಂಗಿನ ಮೇಲೆ ನಿಂತ ಇನ್ನೊಂದು ತಿದಿ ಇದೆ, ದನಿಯನ್ನು ಸಮವಾಗಿ ಹಿಡಿದಿಡುವುದು ಅದು. ಹೊರಗಿನದು ಚೆಂದ ಇದ್ದು ಒಳಗಿನದು ಹರಿದಿದ್ದರೆ ಪ್ರತಿ ಸಲ ಕೈ ಆಡಿಸಿದಾಗಲೂ ದನಿ ಏರುತ್ತ ಇಳಿಯುತ್ತ ಇರುತ್ತದೆ. ಸೋರುವ ಪೇಟಿ ಕೊಳ್ಳಬಾರದು ಅಂತಲ್ಲ. ಚರ್ಮ ಬದಲಿಸಿದರೆ ಸರಿಯಾಗುತ್ತದೆ. ಬೆಲೆಯಲ್ಲಿ ಆ ಖರ್ಚು ಕಳೆಯಿರಿ, ಅಷ್ಟೇ.

ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ದನಿ ಬಂದರೆ ಯಾವುದೋ ಒಂದು ಮನೆಯ ಕೆಳಗಿನ ಪಟ್ಟಿ ತೂತನ್ನು ಸರಿಯಾಗಿ ಮುಚ್ಚುತ್ತಿಲ್ಲ. ಸ್ಪ್ರಿಂಗು ಸಡಿಲವಾಗಿರಬಹುದು, ಚರ್ಮ ಸವೆದಿರಬಹುದು, ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಪಕ್ಕದ ಮನೆಗೆ ಒತ್ತಿಕೊಂಡಿರಬಹುದು. ಸಣ್ಣ ರೋಗ. ಮಾರುವವರು ಇದನ್ನೇ ದೊಡ್ಡದು ಅಂದುಕೊಂಡು ಬೆಲೆ ಇಳಿಸುತ್ತಾರೆ, ಅದು ನಿಮ್ಮ ಅದೃಷ್ಟ.

ಇನ್ನು ನನಗೆ ಬಹಳ ಇಷ್ಟವಾದ ಕೆಲಸ: ಮನೆಗಳ ಸವಕಳಿ ಓದುವುದು. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಪಕ್ಕದಿಂದ, ಮನೆಗಳ ಮಟ್ಟಕ್ಕೆ ಹಿಡಿಯಿರಿ. ಬಿಳಿ ಮನೆಗಳ ಮೇಲೆ ಸಣ್ಣ ತಗ್ಗುಗಳು ನೆರಳಾಗಿ ಕಾಣುತ್ತವೆ. ಕರಿ ಮನೆಗಳ ಅಂಚು ಎಲ್ಲಿ ದುಂಡಗಾಗಿದೆ ನೋಡಿ. ಹಳೆಯ ಒಡೆಯರು ಕರಿ ಒಂದರ, ಅಂದರೆ ಸಪ್ತಕದ ಮೊದಲ ಕರಿ ಮನೆಯ, ಸಾ ಹಿಡಿದು ಹಾಡುತ್ತಿದ್ದರೆ ಆ ಮನೆಯೂ ಅದರ ಪಂಚಮವೂ ಉಳಿದವಕ್ಕಿಂತ ಜಾಸ್ತಿ ಸವೆದಿರುತ್ತವೆ. ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಪೇಟಿಯಾದರೆ ಕರಿ ನಾಲ್ಕು, ಕರಿ ಐದರ ಹತ್ತಿರ ಸವಕಳಿ. ನಾಟಕ ಕಂಪನಿಯ ಪೇಟಿಯಾದರೆ ಎಲ್ಲ ಕಡೆಯೂ ಸವೆದಿರುತ್ತದೆ, ಏಕೆಂದರೆ ಒಬ್ಬೊಬ್ಬ ನಟನಿಗೆ ಒಂದೊಂದು ಶ್ರುತಿ. ಎಲ್ಲೂ ಸವಕಳಿಯೇ ಇಲ್ಲದೆ "ನೂರು ವರ್ಷದ್ದು ಸರ್" ಅಂದರೆ ಮನೆಗಳನ್ನು ಬದಲಿಸಿದ್ದಾರೆ ಅಥವಾ ಕತೆ ಕಟ್ಟುತ್ತಿದ್ದಾರೆ.

ವಯಸ್ಸು ಹೇಗೆ ಗೊತ್ತು ಮಾಡುವುದು

ಮುಂದಿನ ಹಲಗೆಯ ಮೇಲೆ ಒಂದು ಹಿತ್ತಾಳೆ ತಗಡೋ ಕಾಗದದ ಚೀಟಿಯೋ ಇರುತ್ತದೆ. ಆ ಹೆಸರು ಪೇಟಿ ಮಾಡಿದವರದ್ದೇ ಆಗಿರಬೇಕೆಂದಿಲ್ಲ, ಮಾರಿದ ಅಂಗಡಿಯದ್ದೂ ಆಗಿರಬಹುದು. ಆದರೆ ವಿಳಾಸ ಬಹಳ ಹೇಳುತ್ತದೆ. ಆರು ಅಂಕಿಯ ಪಿನ್‌ಕೋಡ್ ಇದ್ದರೆ ಆ ಚೀಟಿ 1972ರ ನಂತರದ್ದು, ಯಾಕೆಂದರೆ ಪಿನ್‌ಕೋಡ್ ಶುರುವಾದದ್ದೇ ಆ ವರ್ಷ. ಬೆಲೆ ಆಣೆಯಲ್ಲಿ ಬರೆದಿದ್ದರೆ 1957ರ ಮೊದಲಿನದು ಅನ್ನಬಹುದು. ಟೆಲಿಫೋನ್ ನಂಬರಿನಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಹಳೆಯದು.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಆಗ ಗದಗ, ಹಾವೇರಿ ಎಲ್ಲ ಅದರೊಳಗೇ. ಸಂತೆ-ವ್ಯಾಪಾರ, ನಾಟಕ, ಸಂಗೀತ ಎಲ್ಲದಕ್ಕೂ ಪುಣೆ, ಮಿರಜ, ಮುಂಬಯಿ ಹತ್ತಿರ. ಆದ್ದರಿಂದ ನಮ್ಮ ಕಡೆಯ ಹಳೆ ಪೇಟಿಯ ಮೇಲೆ ಮುಂಬಯಿಯ ಬೀದಿ ಹೆಸರಿದ್ದರೆ ಆಶ್ಚರ್ಯ ಪಡಬೇಡಿ.

ಸ್ಕ್ರೂಗಳನ್ನೂ ನೋಡಿ. ತಲೆಯ ಮೇಲೆ ಅಡ್ಡ ಗೀರು ಒಂದೇ ಇದ್ದರೆ ಸರಿ. ನಕ್ಷತ್ರದಂಥ ನಾಲ್ಕು ಮೂಲೆಯ ಗೀರಿದ್ದರೆ ಅದು 1930ರ ದಶಕದ ನಂತರ ಬಂದ ಬಗೆ. "ನಮ್ಮ ಮುತ್ತಜ್ಜ 1910ರಲ್ಲಿ ತಂದದ್ದು, ಬಿಚ್ಚಿಯೇ ಇಲ್ಲ" ಅಂತ ಹೇಳುವ ಪೇಟಿಯಲ್ಲಿ ಇಂಥ ಸ್ಕ್ರೂ ಸಿಕ್ಕರೆ ಯಾರೋ ಬಿಚ್ಚಿದ್ದಾರೆ. ಮುತ್ತಜ್ಜನ ಮಾತು ನಿಜವೇ ಇರಬಹುದು, ಬಿಚ್ಚಿಲ್ಲ ಎಂಬುದು ಮಾತ್ರ ಸುಳ್ಳು.

ಈಗ ರೀಡು

ಮಾರುವವರ ಅನುಮತಿ ಕೇಳಿಯೇ ಬಿಚ್ಚಿ. ಬಿಚ್ಚಲು ಕೊಡುವುದಿಲ್ಲ ಅಂದರೆ ಕೈ ಮುಗಿದು ಹೊರಟುಬಿಡಿ, ಸಂಕೋಚ ಬೇಡ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ತೆಗೆದ ಸ್ಕ್ರೂಗಳನ್ನು ಕಾಗದದ ಮೇಲೆ ಅವವೇ ಜಾಗದಲ್ಲಿ ಇಡಿ. ಮೇಲಿನ ಮುಚ್ಚಳ ತೆಗೆದರೆ ಮನೆಗಳ ಹಿಂಭಾಗ, ಸ್ಪ್ರಿಂಗು ಕಾಣುತ್ತವೆ. ರೀಡು ಅದರ ಕೆಳಗೆ, ಹಲಗೆಯ ಅಡಿಯಲ್ಲಿ, ಗಾಳಿಪೆಟ್ಟಿಗೆಯ ಒಳಮುಖವಾಗಿ ಇರುತ್ತದೆ. ಹಲಗೆಯನ್ನು ನಿಧಾನವಾಗಿ ಎತ್ತಿ.

ಸಾಲು ಎಷ್ಟಿವೆ ನೋಡಿ. ಒಂದೇ ಸಾಲಿದ್ದರೆ ಸಾದಾ. ಎರಡಿದ್ದರೆ ಹೆಚ್ಚಾಗಿ ಬಾಸ್ (ತಗ್ಗಿನ ದನಿ) ಮತ್ತು ಮೇಲ್ (ನಡುವಿನ ದನಿ). ಮೂರನೆಯದು ಫೀಮೇಲ್, ಅದು ಸಣ್ಣ, ತೀಕ್ಷ್ಣ ದನಿ. ಮೂರು ಸಾಲಿದ್ದರೆ ಬೆಲೆ ಜಾಸ್ತಿ, ಗಾಳಿಯೂ ಜಾಸ್ತಿ ತಿನ್ನುತ್ತದೆ. ಮನೆ ಎಣಿಸಿದರೆ ಸಾಮಾನ್ಯವಾಗಿ 37, 39 ಅಥವಾ 42 ಬರುತ್ತದೆ.

ಒಂದು ರೀಡನ್ನು ಹತ್ತಿರದಿಂದ ನೋಡಿ. ಹಿತ್ತಾಳೆಯ ಪಟ್ಟಿ, ಅದರಲ್ಲಿ ಉದ್ದನೆಯ ಸಂದು, ಆ ಸಂದಿನೊಳಗೆ ತೂರಿ ಹೋಗಿ ಬರುವ ಒಂದು ನಾಲಿಗೆ. ನಾಲಿಗೆಯ ಒಂದು ತುದಿ ರಿವಿಟ್ಟಿನಿಂದ ಬಿಗಿದಿರುತ್ತದೆ. ಗಾಳಿ ಬಂದಾಗ ನಾಲಿಗೆ ಸಂದಿನ ಎರಡೂ ಅಂಚಿಗೆ ತಾಗದೆ ಆಡಬೇಕು. ಹಳೆಯ ಒಳ್ಳೆಯ ರೀಡಿನಲ್ಲಿ ಈ ಸಂದು ಎಷ್ಟು ಬಿಗಿ ಅಂದರೆ ಟಾರ್ಚನ್ನು ಹಿಂದಿನಿಂದ ಹಿಡಿದರೆ ಕೂದಲೆಳೆಯಷ್ಟು ಬೆಳಕು ಮಾತ್ರ ಎರಡು ಬದಿಯಲ್ಲೂ ಸಮನಾಗಿ ಕಾಣುತ್ತದೆ. ಗಾಳಿ ಪೋಲಾಗುವುದಿಲ್ಲ, ಮೆಲ್ಲಗೆ ಒತ್ತಿದರೂ ದನಿ ತಕ್ಷಣ ಹುಟ್ಟುತ್ತದೆ. ಒರಟು ರೀಡಿನಲ್ಲಿ ಬೆಳಕು ದಪ್ಪ, ಒಂದು ಬದಿ ಜಾಸ್ತಿ ಒಂದು ಬದಿ ಕಡಿಮೆ.

ನಾಲಿಗೆಯ ಮೇಲಿನ ಗೀರುಗಳನ್ನು ಎಣಿಸದಿದ್ದರೂ ಗಮನಿಸಿ. ಶ್ರುತಿ ಮಾಡುವುದೆಂದರೆ ನಾಲಿಗೆಯನ್ನು ಕೆರೆಯುವುದು. ತುದಿಯ ಹತ್ತಿರ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ, ಮತ್ತೆ ಬರುವುದಿಲ್ಲ. ತುದಿಯಲ್ಲಿ ನಾಲ್ಕೈದು ತೆಳು ಗೀರಿದ್ದರೆ ಅದು ಸಹಜ. ತುದಿಯಲ್ಲೂ ಬುಡದಲ್ಲೂ ಒರಟಾಗಿ ಉಜ್ಜಿದ್ದರೆ, ಯಾರೋ ಏರಿಸಿದ್ದಾರೆ, ಜಾಸ್ತಿಯಾಯಿತೆಂದು ಇಳಿಸಿದ್ದಾರೆ, ಮತ್ತೆ ಏರಿಸಿದ್ದಾರೆ. ಅಂಥ ರೀಡು ತೆಳ್ಳಗಾಗಿ ದನಿ ಬಡಕಲಾಗಿರುತ್ತದೆ. ಇಡೀ ಸೆಟ್ಟು ಹೀಗಿದ್ದರೆ, ಅದರ ಮೇಲೆ ಪ್ಯಾರಿಸ್ ಅಂತ ಬರೆದಿದ್ದರೂ, ಬಿಟ್ಟುಬಿಡಿ.

ಆಮೇಲೆ ಅಚ್ಚು. ಪಟ್ಟಿಯ ಮೇಲೆ ಸ್ವರದ ಗುರುತನ್ನು ಒತ್ತಿರುತ್ತಾರೆ. ಎಲ್ಲ ರೀಡಿನ ಅಕ್ಷರ ಒಂದೇ ಅಚ್ಚಿನಿಂದ ಬಂದಂತಿದೆಯೇ? ಬಣ್ಣ ಒಂದೇ ಇದೆಯೇ? ಮಧ್ಯದ ಸಪ್ತಕದಲ್ಲಿ ಒಂದೆರಡು ಬೇರೆ ಹೊಳಪಿನವು ಕಂಡರೆ ಅವು ಬದಲಿಸಿದವು. ಹೆಚ್ಚು ಬಾರಿಸುವ ಸ್ವರಗಳೇ ಮೊದಲು ಮುರಿಯುವುದು, ಅದರಲ್ಲಿ ಮೋಸ ಇಲ್ಲ. ಅರ್ಧ ಸೆಟ್ಟು ಬೇರೆ ಆಗಿದ್ದು ಪೂರ್ತಿ ಪ್ಯಾರಿಸ್ ಬೆಲೆ ಕೇಳಿದರೆ ಮೋಸ.

ಒಂದು ರೀಡು ಮಾತ್ರ ಅಕ್ಕಪಕ್ಕದವಕ್ಕಿಂತ ಬಹಳ ಇಳಿದು ಹೋಗಿದ್ದರೆ ಅದರ ಬುಡದಲ್ಲಿ, ರಿವಿಟ್ಟಿನ ಹತ್ತಿರ, ಸಣ್ಣ ಬಿರುಕು ಇರುವ ಸಂಭವ ಜಾಸ್ತಿ. ಅದನ್ನು ಶ್ರುತಿ ಮಾಡಿಸಿ ದುಡ್ಡು ಹಾಳು ಮಾಡಬೇಡಿ, ಇವತ್ತಲ್ಲ ನಾಳೆ ಮುರಿಯುತ್ತದೆ. ಬರ್ರ್ ಅನ್ನುವ ದನಿ ಬಂದರೆ ಹೆಚ್ಚಾಗಿ ಧೂಳಿನ ಎಳೆ. ತೆಳು ಕಾಗದದ ಪಟ್ಟಿಯನ್ನು ನಾಲಿಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆದರೆ ಹೊರಗೆ ಬರುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಹಿತ್ತಾಳೆಗೆ ಒಳ್ಳೆಯದಲ್ಲ.

ಟ್ಯೂನರ್ ತಪ್ಪು ತೋರಿಸಿದರೆ ಅದು ತಪ್ಪೇ ಆಗಿರಬೇಕಿಲ್ಲ

ಮೊಬೈಲಿನ ಟ್ಯೂನರ್ ಈಗಿನ 440ರ ಲೆಕ್ಕದ್ದು, ಅಂದರೆ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಫ್ರಾನ್ಸಿನಲ್ಲಿ 1859ರಲ್ಲಿ ಕಾನೂನು ಮಾಡಿ 435 ಅಂತ ನಿಗದಿ ಮಾಡಿದ್ದರು. ಹಾಗಾಗಿ ಹಳೆ ಸೆಟ್ಟು ಪೂರ್ತಿಯಾಗಿ ಒಂದಿಷ್ಟು ಕೆಳಗಿದ್ದರೆ ಅದು ಕೆಟ್ಟಿಲ್ಲ, ಹುಟ್ಟಿದ್ದೇ ಹಾಗೆ ಇರಬಹುದು. ಒಬ್ಬರೇ ಹಾಡುವುದಾದರೆ ಹಾಗೇ ಇಟ್ಟುಕೊಳ್ಳಿ. ಕೊಳಲಿನ ಜೊತೆ, ಕೀಬೋರ್ಡಿನ ಜೊತೆ ಬಾರಿಸಬೇಕೆಂದರೆ ಮಾತ್ರ ತೊಂದರೆ.

ಇದಕ್ಕಿಂತ ಕುತೂಹಲದ್ದು ಗಾಂಧಾರ. ಟ್ಯೂನರ್ ಒಪ್ಪುವುದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಶ್ರುತಿಯನ್ನು. ಅದರಲ್ಲಿ ಸಾದಿಂದ ಶುದ್ಧ ಗಾಂಧಾರ 400 ಸೆಂಟ್ (ಒಂದು ಸಮಪಾಲು ಅಂದರೆ 100 ಸೆಂಟ್). ತಂಬೂರಿಯ ಸಾದಿಂದ ತಾನಾಗಿ ಕೇಳಿಬರುವ ಗಾಂಧಾರ 386ರ ಹತ್ತಿರ. ನೀವು ನೋಡುವ ಪೇಟಿಯಲ್ಲಿ ಯಾವುದೋ ಒಂದು ಮನೆಯಿಂದ ಎಣಿಸಿದರೆ ಗಾಂಧಾರ 14 ಸೆಂಟ್ ಇಳಿದಿದೆ ಅಂತ ತೋರಿಸಿದರೆ, ಯಾರೋ ಕಿವಿ ಇದ್ದವರು ಬೇಕೆಂದೇ ಹಾಗೆ ಇಳಿಸಿದ್ದಾರೆ. ಸವಕಳಿ ಯಾವ ಮನೆಯ ಮೇಲೆ ಜಾಸ್ತಿ ಇತ್ತು ನೆನಪಿಸಿಕೊಳ್ಳಿ. ಎರಡೂ ಒಂದೇ ಸಾ ತೋರಿಸಿದರೆ ಆ ಪೇಟಿ ಒಬ್ಬ ಹಾಡುಗಾರನಿಗಾಗಿ ಕೂರಿಸಿದ್ದು ಅಂತ ಖಾತ್ರಿ. ಅದನ್ನು ಹೊಸದರ ಹಾಗೆ ಸಮ ಮಾಡಿಸಿದರೆ ಆ ಕಿವಿಯ ಕೆಲಸ ಅಳಿಸಿ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹಳೆ ಪೇಟಿ ಇಟ್ಟುಕೊಳ್ಳುವವರು ಕಾಯಬೇಕಾದ ಮೊದಲ ಸಂಗತಿ ಇದು, ಕೆತ್ತನೆ ಹಲಗೆ ಆಮೇಲೆ.

ಸ್ವರ ಸ್ಥಿರ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿ ನಮ್ಮದಲ್ಲ ಎಂಬ ಇಂಥ ಆಕ್ಷೇಪಗಳಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತು, 1971ರವರೆಗೆ ಒಳಗೆ ಬಿಡಲಿಲ್ಲ. ಧಾರವಾಡದ ಕೇಂದ್ರ ಶುರುವಾದದ್ದು 1950ರಲ್ಲಿ. ಅಂದರೆ ಊರಿನ ಪ್ರತಿ ಓಣಿಯಲ್ಲಿ ಪೇಟಿ ಕೇಳುತ್ತಿದ್ದಾಗ ಊರಿನ ರೇಡಿಯೋದಲ್ಲಿ ಮಾತ್ರ ಪೇಟಿ ಇರಲಿಲ್ಲ! ಆಕ್ಷೇಪದಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಬೆಳಗಾವಿಯ ರಾಮಭಾವೂ ಬಿಜಾಪುರೆ, ನಮ್ಮ ಕಡೆಯ ವಸಂತ ಕನಕಾಪುರ ಇವರ ಸಾಥಿ ಕೇಳಿ ನೋಡಿ. ಮೀಂಡ್ ಇಲ್ಲ ಅಂತ ಅನಿಸುವುದೇ ಇಲ್ಲ, ಅಲ್ವಾ? ಪೇಟಿ ಕೊಳ್ಳಲು ಹೋಗುವ ಮೊದಲು ಇಂಥ ಕೈಗಳನ್ನು ಕೇಳಿ ಕಿವಿ ತಯಾರು ಮಾಡಿಕೊಳ್ಳುವುದು ಯಾವ ಪುಸ್ತಕಕ್ಕಿಂತಲೂ ಹೆಚ್ಚು ಉಪಯೋಗ.

ನೀವೇ ಪರೀಕ್ಷಿಸುವಾಗ ಒಂದೊಂದೇ ಸಾಲು ತೆರೆದು ಕೇಳಿ. ಮಂದ್ರದ ಕೊನೆಯ ಸ್ವರವನ್ನು ಅತಿ ಕಡಿಮೆ ಗಾಳಿಯಲ್ಲಿ ಒತ್ತಿ. ತಡವಾಗಿ, ಗೊಗ್ಗರಾಗಿ ಬಂದರೆ ಒಂದು ಅಂಕ ಕಳೆಯಿರಿ. ಆಮೇಲೆ ಎಲ್ಲ ಸಾಲು ತೆರೆದು ಸಾ-ಪ ಹಿಡಿಯಿರಿ.

ದಂತದ ಮನೆ ಅಂದರೆ ದೂರ ಇರಿ

ಹಳೆಯ ವಿಲಾಯತಿ ಪೇಟಿಗಳಲ್ಲಿ ಬಿಳಿ ಮನೆಯ ಮೇಲೆ ಆನೆದಂತದ ತೆಳು ಪದರ ಇರುವುದುಂಟು. ಮಾರುವವರು ಅದನ್ನೇ ಹೆಚ್ಚುಗಾರಿಕೆ ಅಂತ ಹೇಳುತ್ತಾರೆ. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ, 1991ರ ತಿದ್ದುಪಡಿಯ ನಂತರ ಆಫ್ರಿಕಾದ ದಂತವೂ ಸೇರಿದೆ. ಹಳೆಯದು, ಅಜ್ಜನ ಕಾಲದ್ದು ಎಂಬ ಮಾತು ಕೊಳ್ಳುವವರನ್ನು ಉಳಿಸುವುದಿಲ್ಲ. ಗುರುತು ಹೀಗೆ: ಮೂಳೆಯಾದರೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತವೆ. ಸೆಲ್ಯುಲಾಯ್ಡ್ (ಹಳೆ ಬಗೆಯ ಪ್ಲಾಸ್ಟಿಕ್) ಆದರೆ ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದಾಗ ಕರ್ಪೂರದ ವಾಸನೆ ಬರುತ್ತದೆ. ಎರಡೂ ಅಲ್ಲದೆ ನವಿರಾದ ಎಳೆ ಕಂಡರೆ ಅದು ದಂತ ಇರಬಹುದು, ಆ ಪೇಟಿ ಬೇಡ. ಬೆಂಕಿ ಹಚ್ಚಿ ಪರೀಕ್ಷೆ ಮಾಡುವ ಬುದ್ಧಿವಂತರಿದ್ದಾರೆ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ, ಹುಷಾರು.

ಬೆಲೆ

ಇಷ್ಟೇ ಅಂತ ಹೇಳುವ ದರ ಇಲ್ಲ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಅಷ್ಟೇ ಸಾಲಿನ ಹೊಸ ಪೇಟಿಗೆ ಏನು ಬೆಲೆ ಅಂತ ಮೊದಲು ವಿಚಾರಿಸಿ. ರಿಪೇರಿಯವರಿಗೆ ಫೋಟೋ ತೋರಿಸಿ, ತಿದಿ, ಚರ್ಮ, ಶ್ರುತಿ ಎಲ್ಲ ಸೇರಿ ಎಷ್ಟಾಗುತ್ತದೆ ಕೇಳಿ. ಹಳೆಯ ಪೇಟಿಯ ಬೆಲೆಗೆ ಆ ಖರ್ಚು ಕೂಡಿಸಿದ ಮೇಲೂ ರೀಡಿಗಾಗಿ ಕೊಡಬಹುದು ಅನಿಸಿದರೆ ಕೊಳ್ಳಿ. ಬರೀ ಹಳೆಯದು ಅಂತ ಜಾಸ್ತಿ ಕೊಡಬೇಡಿ. ನಾಟಕ ಕಂಪನಿಯಲ್ಲಿ ಎರಡೂ ಕೈ ಬಿಡುವಾಗಿರಲಿ ಅಂತ ಬಳಸುತ್ತಿದ್ದ, ಕಾಲಿನಿಂದ ತುಳಿಯುವ ಲೆಗ್ ಹಾರ್ಮೋನಿಯಂ ಕಂಡರೆ ಆಸೆಯಾಗುತ್ತದೆ, ನನಗೂ ಆಗುತ್ತದೆ. ಆದರೆ ಅದರ ಭಾರ, ಜಾಗ, ತುಳಿಯುವ ಪಟ್ಟಿ-ಮೀಟುಗೋಲುಗಳ ರಿಪೇರಿ ಎಲ್ಲ ಯೋಚಿಸಿ. ಮೊದಲ ಪೇಟಿಯೇ ಅದಾಗುವುದು ಬೇಡ.

ಮನೆಗೆ ತಂದ ಮೇಲೆ

ಪಾಲಿಶ್‌ಗೆ ಕೊಡಬೇಡಿ. ಹಳೆ ಮೆರುಗು, ಚೀಟಿ, ಮೂಲೆಯ ತಗಡು ಎಲ್ಲ ಹಾಗೇ ಇರಲಿ. ಒಣ ಬಟ್ಟೆ, ಮೃದು ಬ್ರಶ್ಶು ಸಾಕು. ರೀಡಿಗೆ ಹುಣಸೆಹಣ್ಣು, ಬ್ರಾಸೋ, ಸೀಮೆಎಣ್ಣೆ, ಕೊಬ್ಬರಿಎಣ್ಣೆ ಯಾವುದೂ ತಾಗಬಾರದು. ಕಪ್ಪಗಾದ ರೀಡು ಚೆನ್ನಾಗಿಯೇ ಹಾಡುತ್ತದೆ. ಮೊದಲು ಗಾಳಿ ಸೋರುವುದನ್ನು ನಿಲ್ಲಿಸಿ, ಆಮೇಲೆ ಮನೆಗಳ ಸ್ಪ್ರಿಂಗು-ಚರ್ಮ, ಕೊನೆಗೆ ಶ್ರುತಿ. ಸೋರುವ ಪೇಟಿಗೆ ಶ್ರುತಿ ಮಾಡಿಸಿದರೆ ತಿದಿ ಸರಿಯಾದ ಮೇಲೆ ಮತ್ತೊಮ್ಮೆ ಕೆರೆಯಬೇಕಾಗುತ್ತದೆ.

ನಮ್ಮ ಹವೆ ಒಂದೇ ಥರ ಇಲ್ಲ. ಧಾರವಾಡ, ಹಾನಗಲ್ ಕಡೆ ಜೂನ್‌ನಿಂದ ಜಡಿಮಳೆ, ಕಟ್ಟಿಗೆ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಆಗ ಕಾನಸು ತೆಗೆದುಕೊಂಡು ಉಜ್ಜಬೇಡಿ. ದೀಪಾವಳಿಯ ಹೊತ್ತಿಗೆ ತಾನಾಗಿ ಬಿಡುತ್ತದೆ, ಉಜ್ಜಿದ್ದರೆ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ. ಗದಗ, ರಾಣೆಬೆನ್ನೂರು ಕಡೆ ಕಷ್ಟ ಬೇಸಿಗೆಯದ್ದು. ಹಲಗೆ ಒಣಗಿ ಸೀಳುತ್ತದೆ, ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ. ಮಳೆಗಾಲದಲ್ಲಿ ನೆಲದ ಮೇಲೆ ಇಡದೆ ಮಣೆಯ ಮೇಲೆ ಇಡಿ. ಇಲಿಗೆ ತಿದಿಯ ಚರ್ಮ ಬಹಳ ಇಷ್ಟ, ಅಟ್ಟದ ಮೇಲಂತೂ ಬೇಡವೇ ಬೇಡ. ಮುಚ್ಚುವಾಗ ಒಂದು ಮನೆ ಒತ್ತಿ ಗಾಳಿ ಹೊರಗೆ ಬಿಟ್ಟು, ತಿದಿ ಮಡಚಿ ಕೊಂಡಿ ಹಾಕಿ. ದಿನಾ ಸ್ವಲ್ಪ ಹೊತ್ತು ಬಾರಿಸಿ. ಸುಮ್ನೆ ಇಟ್ಟ ಪೇಟಿ ಬೇಗ ಕೆಡುತ್ತದೆ, ಚರ್ಮ ಬಿರುಸಾಗಿ ಮಡಿಕೆಯಲ್ಲಿ ಸೀಳುತ್ತದೆ.

ಒಂದು ವಹಿ ಇಡಿ. ಯಾವ ಊರು, ಯಾರ ಮನೆ, ಅವರು ಯಾವ ಸಾ ಹಿಡಿದು ಹಾಡುತ್ತಿದ್ದರು, ಬಿಚ್ಚಿದಾಗ ಏನೇನು ಕಂಡಿತು, ಯಾವ ರೀಡು ಬದಲಿಸಿದಿರಿ, ಎಲ್ಲ ಬರೆಯಿರಿ. ತೆಗೆದ ಹಳೆ ರೀಡನ್ನು ಬಿಸಾಡದೆ ಪುಟ್ಟ ಪೊಟ್ಟಣ ಕಟ್ಟಿ ಪೇಟಿಯೊಳಗೇ ಇಡಿ.

ಮುಂದೆ ಮಾರುವುದಾದರೆ ಆ ವಹಿಯ ಪ್ರತಿಯನ್ನೂ ಕೊಡಿ. ಅಮೆರಿಕದಲ್ಲಿರುವ ಮಗನಿಗೋ ಅಳಿಯನಿಗೋ ಕಳಿಸುವ ಯೋಚನೆ ಇದ್ದರೆ ಮಾತ್ರ ಮೊದಲೇ ವಿಚಾರಿಸಿ. ನೂರು ವರ್ಷ ದಾಟಿದ ಕಲೆ-ಕೈಕೆಲಸದ ವಸ್ತು 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ಪ್ರಾಚೀನ ವಸ್ತು ಅನ್ನಿಸಿಕೊಳ್ಳುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ. ಫೋಟೋ, ವಹಿ ಎರಡನ್ನೂ ಒಯ್ದು ಅಲ್ಲಿ ಕೇಳಿ, ವಿಮಾನದ ಟಿಕೇಟು ಆಮೇಲೆ ತೆಗೆಸಿ.